ಹತ್ತು ಪದಗಳ ಮಗ್ಗಿ

ಹರಿಹರದ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಹೆಡ್‌ಮಾಸ್ತರಾಗಿದ್ದು ನಿವೃತ್ತರಾದ ಕೊಟ್ಟೂರಪ್ಪನವರಿಗೆ ಜಗತ್ತಿನಲ್ಲಿ ಎರಡು ಸಂಗತಿ ಕಂಡರೆ ಆಗುತ್ತಿರಲಿಲ್ಲ. ಒಂದು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ಇನ್ನೊಂದು, ತಪ್ಪು ಕನ್ನಡ. ಮೊದಲನೆಯದಕ್ಕಾಗಿ ತಮ್ಮ ಕಾಲದಲ್ಲಿ ಇಪ್ಪತ್ತಮೂರು ಹುಡುಗರನ್ನು ಡಿಬಾರ್ ಮಾಡಿಸಿದ್ದರು. ಎರಡನೆಯದಕ್ಕಾಗಿ, ಮನೆಗೆ ಬಂದ ಲಗ್ನಪತ್ರಿಕೆಗಳನ್ನೂ ಕೆಂಪು ಮಸಿಯಲ್ಲಿ ತಿದ್ದಿ ಬೀಗರಿಗೆ ವಾಪಸ್ಸು ಕೊಟ್ಟದ್ದುಂಟು. ಕೊನೆಗೆ ಅವರಿಗೆ ಮುಳುವಾದದ್ದೂ ಈ ಎರಡೇ.

ದಾವಣಗೆರೆಯ ವಿದ್ಯಾನಗರದಲ್ಲಿ ಅವರದು ಸ್ವಂತ ಮನೆ. ಹೆಂಡತಿ ನಿರ್ಮಲಮ್ಮ, ಬ್ಯಾಂಕಿನಲ್ಲಿರುವ ಮಗ, ಸೊಸೆ ರೂಪಶ್ರೀ. ತೊಂಬತ್ತೆಂಟರ ಜೂನ್ ತಿಂಗಳ ಒಂದು ಬೆಳಿಗ್ಗೆ ಆ ಮನೆಯ ಗೇಟಿನ ಮುಂದೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಮೂವತ್ತು ದಾಟಿದ ಒಬ್ಬ ಮನುಷ್ಯ ಬಂದು ನಿಂತ. ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದ.

"ಸರ್, ನಾನು ಗುರುಮೂರ್ತಿ. ಹರಿಹರದಾಗೆ ನಿಮ್ಮ ಸ್ಟೂಡೆಂಟು. ಎಂಬತ್ತಮೂರನೇ ಇಸವಿ."

ಕೊಟ್ಟೂರಪ್ಪನವರಿಗೆ ನೆನಪಾಗಲಿಲ್ಲ. ಅವನೇ ನೆನಪಿಸಿದ. "ಸಮಾಜ ವಿಜ್ಞಾನದ ದಿನ ಸರ್. ಅಂಗಿ ತೋಳಿನೊಳಗೆ ಚೀಟಿ ಸಿಕ್ಕಿತ್ತು. ಡಿಬಾರ್ ಮಾಡಿಸಿದ್ರಿ."

"ಓ, ನೀನಾ! ಕೂಡು, ಕೂಡು," ಎಂದರು ಕೊಟ್ಟೂರಪ್ಪ. ಅವರ ದನಿಯಲ್ಲಿ ಮುಜುಗರವೇನೂ ಇರಲಿಲ್ಲ. ಮದ್ದು ಕೊಟ್ಟು ವಾಸಿ ಮಾಡಿದ ವೈದ್ಯನ ಹೆಮ್ಮೆಯೇ ಇತ್ತು ಎನ್ನಬೇಕು.

ಗುರುಮೂರ್ತಿ ಈಗ ವೈದ್ಯ ಕಾಲೇಜೊಂದರ ಸಂಶೋಧನೆಯಲ್ಲಿ ಮನೆ ಮನೆ ತಿರುಗುವ ಕೆಲಸದಲ್ಲಿದ್ದ. ಕೆಲಸ ಕಾಯಂ ಅಲ್ಲ. ಸಂಶೋಧನೆ ನಡೆಸುತ್ತಿದ್ದವರು ಡಾಕ್ಟರ್ ಬಿಲ್ಕೀಸ್. ಮುಪ್ಪಿನಲ್ಲಿ ಕೆಲವರಿಗೆ ಮರೆವು ಹತ್ತಿ, ಕಡೆಗೆ ಹೆತ್ತ ಮಕ್ಕಳ ಗುರುತೂ ಸಿಗದಂತಾಗುವ ಕಾಯಿಲೆಯನ್ನು ಮೊದಲೇ ತಡೆಯಲು ಆಗುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಅದಕ್ಕೆ ಐವತ್ತೈದು ದಾಟಿದ, ನೆನಪು ಚೆನ್ನಾಗಿರುವ ಜನ ಬೇಕು. ಅವರ ಬಿ.ಪಿ., ಸಕ್ಕರೆ ಹತೋಟಿಯಲ್ಲಿಟ್ಟು, ದಿನಾ ನಡೆಯಲು ಹಚ್ಚಿ, ಆರು ತಿಂಗಳಿಗೊಮ್ಮೆ ನೆನಪು ಹೇಗಿದೆ ಎಂದು ಮೂರು ವರ್ಷ ನೋಡಬೇಕು.

ಇನ್ನೂರು ಜನ ಬೇಕಿತ್ತು. ಎರಡು ತಿಂಗಳು ಚಪ್ಪಲಿ ಸವೆಸಿದರೂ ಗುರುಮೂರ್ತಿಗೆ ಸಿಕ್ಕವರು ಹತ್ತೊಂಬತ್ತು. ಚೆನ್ನಾಗಿರುವವರನ್ನು ಡಾಕ್ಟರು ಯಾಕೆ ನೋಡಬೇಕು ಎಂಬುದೇ ಮಂದಿಗೆ ತಿಳಿಯುತ್ತಿರಲಿಲ್ಲ. ಜ್ವರ ಬರುವ ಮೊದಲೇ ಡಾಕ್ಟರ ಕಡೆಯವರು ಬಾಗಿಲು ತಟ್ಟಿದರೆ ಅದರಲ್ಲೇನೋ ಮಸಲತ್ತು ಇರಲೇಬೇಕು. ಕುಕ್ಕುವಾಡದಲ್ಲಿ ಒಬ್ಬರು, ರಕ್ತ ತೆಗೆದು ಬೊಂಬಾಯಿಗೆ ಮಾರುತ್ತೀರಂತೆ ಎಂದು ಕೇಳಿದ್ದರು. ಇಲ್ಲೇ ವಿದ್ಯಾನಗರದಲ್ಲಿ ಒಬ್ಬ ಪ್ರೊಫೆಸರು, "ನನಗೇನು ಅರಳುಮರಳು ಅಂತ ತಿಳಿದೀಯೇನಯ್ಯಾ?" ಎಂದು ಗೇಟು ಹಾಕಿಕೊಂಡಿದ್ದರು. ಮದುವೆಗೆ ಬಂದ ಮಗಳಿರುವ ಮನೆಗಳಲ್ಲಂತೂ ಮಾತೇ ಬೇಡ. ಮನೆತನದಲ್ಲಿ ತಲೆಯ ಕಾಯಿಲೆ ಐತಂತೆ ಎಂದು ಗಂಡಿನವರ ಕಿವಿಗೆ ಬಿದ್ದರೆ ಮುಗಿಯಿತಲ್ಲ.

"ಸರ್, ಹರಿಹರದಾಗೆ ನೀವೊಂದು ಮಾತು ಹೇಳಿದ್ರೆ ಮಂದಿ ಬರ್ತಾರೆ," ಎಂದ ಗುರುಮೂರ್ತಿ.

ಕೊಟ್ಟೂರಪ್ಪನವರು ಉಬ್ಬಿದರು. ಹಂಚಬೇಕಾದ ಕರಪತ್ರ ತೋರಿಸು ಎಂದರು. ಅದರ ನೆತ್ತಿಯಲ್ಲಿ ಡಾಕ್ಟರು "ನಿಮ್ಮ ನೆನಪು ಹೇಗಿದೆ, ನೋಡೋಣ ಬನ್ನಿ" ಎಂದು ಬರೆದಿದ್ದರು. ಕೆಂಪು ಪೆನ್ನು ಹೊರಗೆ ಬಂತು. ಆ ಸಾಲಿಗೆ ಅಡ್ಡಗೆರೆ ಎಳೆದು, ದುಂಡು ಅಕ್ಷರದಲ್ಲಿ "ಜ್ಞಾಪಕಶಕ್ತಿ ಪರೀಕ್ಷೆ" ಎಂದು ಬರೆದರು.

"ಸರ್, ಪರೀಕ್ಷೆ ಅನ್ನೋ ಪದ ಬ್ಯಾಡ ಅಂದಾರೆ ಮೇಡಂ. ಮಂದಿ ಹೆದರ್ತಾರಂತೆ."

"ಪರೀಕ್ಷೆಗೆ ಹೆದರೋರು ಓದದೇ ಇದ್ದೋರು," ಎಂದು ಕೊಟ್ಟೂರಪ್ಪ ನಕ್ಕರು. ಗುರುಮೂರ್ತಿ ನಗಲಿಲ್ಲ. ಕರಪತ್ರ ಹಾಗೆಯೇ ಅಚ್ಚಾಯಿತು.

ಆ ಒಂದು ಪದ ಹರಿಹರದಲ್ಲಿ ಮಾಡಿದ ಕಿತಾಪತಿ ಅಷ್ಟಿಷ್ಟಲ್ಲ. ಜುಲೈಯಲ್ಲಿ ಮಾಸ್ತರರು ಹೆಂಡತಿಯನ್ನೂ ಕರೆದುಕೊಂಡು ಭಾಷಣ ಮಾಡಲು ಹೋದಾಗ ಹಳೆಯ ಶಿಷ್ಯರು, ಅವರ ಅಪ್ಪ ಅಮ್ಮಂದಿರು ಸಭಾಂಗಣದ ತುಂಬ ನೆರೆದಿದ್ದರು. ಹತ್ತಿ ದಲಾಲಿ ಮಾಡುತ್ತಿದ್ದ ಮೈಲಾರಲಿಂಗಪ್ಪ ಎದ್ದು ನಿಂತು ಕೇಳಿದರು, "ಫೇಲಾದೋರ ಹೆಸರು ಬೋರ್ಡಿಗೆ ಹಾಕ್ತೀರೇನ್ರಿ ಮಾಸ್ತರೇ?" ಬಳೆ ಮಾರುವ ಇಮಾಂಬೀಗೆ ಬೇರೆ ಚಿಂತೆ. "ನನಗೆ ಓದೋಕೆ ಬರಲ್ಲ. ಪಾಸು ಹೆಂಗಾಗ್ಲಿ?" ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಫೇಲಾದ್ರೆ ಸೀದಾ ಧಾರವಾಡಕ್ಕೆ ಕಳಿಸ್ತಾರೆ!" ಧಾರವಾಡ ಎಂದರೆ ಹುಚ್ಚಾಸ್ಪತ್ರೆ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ನಗುತ್ತಲೇ ನಾಲ್ಕೈದು ಜನ ಬಾಗಿಲಿನ ಕಡೆ ಸರಿದರು.

ಮಂದಿ ಕೈಬಿಟ್ಟು ಹೋಗುವುದು ಕಂಡು ಕೊಟ್ಟೂರಪ್ಪನವರು ಮೇಜು ಗುದ್ದಿದರು. "ನಮ್ಮ ಮನೆಯಿಂದಲೇ ಶುರು ಆಗ್ಲಿ! ನಾನು, ನಮ್ಮ ಮನೆಯವರು, ಇಬ್ರೂ ಮೊದಲು ಕೂಡ್ತೀವಿ. ಆಮೇಲೆ ನೀವು ಬರ್ರಿ!"

ಚಪ್ಪಾಳೆ ಬಿತ್ತು. ಅಲ್ಲೇ ಅರವತ್ತೆರಡು ಜನ ಹೆಸರು ಬರೆಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಿರ್ಮಲಮ್ಮನವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ವಾಪಸ್ಸು ಬರುವಾಗ ಬಸ್ಸು ತುಂಗಭದ್ರೆಯ ಸೀಮೆ ದಾಟಿ ದಾವಣಗೆರೆ ಸೇರುತ್ತಿತ್ತು. ನಿರ್ಮಲಮ್ಮ ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ರೀ, ಹರಿಹರಕ್ಕೆ ಯಾಕ ಹೋಗಿದ್ವಿ ಇವತ್ತು?"

ಕೊಟ್ಟೂರಪ್ಪನವರು ಬಸ್ಸಿನ ಹೊರಗೆ ಮುಖ ತಿರುಗಿಸಿದರು. ಹೆಂಡತಿಯ ಮರೆವು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದ ನಿರ್ಮಲಮ್ಮ ಅರ್ಧ ಗಂಟೆ ಬಿಟ್ಟು ಮತ್ತೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದನ್ನು ಎಷ್ಟು ಸಲ ನೋಡಿದ್ದರು. ಒಂದೇ ಮಾತನ್ನು ನಾಲ್ಕು ಸಲ ಕೇಳುವುದನ್ನು ಕೇಳಿಸಿಕೊಂಡಿದ್ದರು. "ಅತ್ತೆಯವರನ್ನ ಒಂದ್ಸಲ ಡಾಕ್ಟರಿಗೆ ತೋರಿಸೋಣ ಮಾವ," ಎಂದು ರೂಪಶ್ರೀ ಹೇಳಿದಾಗ, "ನಿಮ್ಮ ಅತ್ತೆಗೆ ಏನಾಗೈತೆ? ನಿನ್ನ ಕೆಲಸ ನೋಡ್ಕೋ," ಎಂದು ಬಾಯಿ ಮುಚ್ಚಿಸಿದ್ದರು. ಹೆಡ್‌ಮಾಸ್ತರ ಹೆಂಡತಿ ಅರಳುಮರಳಾಗುವುದೆಂದರೇನು! ಮೇಜು ಗುದ್ದುವಾಗ ಇದೆಲ್ಲ ಎಲ್ಲಿ ಹೋಗಿತ್ತೋ. ಆ ಚಪ್ಪಾಳೆಯ ಆಸೆಯೇ ಅಂಥದು.

ಮುಂದಿನ ವಾರ ಗುರುಮೂರ್ತಿ ಹೆಸರುಗಳ ಪಟ್ಟಿ ಒಯ್ಯಲು ಬಂದ. ರೂಪಶ್ರೀ ಅವನಿಗೆ ಮಂಡಕ್ಕಿ, ಮಿರ್ಚಿ ಕೊಟ್ಟಳು. ತಿಂದು ಕೈತೊಳೆಯಲು ಹಿತ್ತಲಿಗೆ ಹೋದ. ಅವನ ಬ್ಯಾಗು ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಪ್ರಶ್ನೆಯ ಹಾಳೆಗಳ ಕಟ್ಟು. ಮೇಲಿನ ಹಾಳೆಯಲ್ಲಿಯೇ ಹತ್ತು ಪದಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ಡಾಕ್ಟರು ಆ ಪದಗಳನ್ನು ಓದಿ ಹೇಳುವುದು, ಕೂತವರು ಆಗೊಮ್ಮೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೆನೆದು ಹೇಳುವುದು. ಅದೇ ಆ ತಪಾಸಣೆಯ ಮುಖ್ಯ ಭಾಗ.

ಕೊಟ್ಟೂರಪ್ಪನವರು ಬಾಗಿಲ ಕಡೆ ನೋಡಿದರು. ಜೇಬಿಗೆ ಕೈ ಹಾಕಿದರೆ ಹರಿಹರದ ಬಸ್ ಟಿಕೇಟು ಸಿಕ್ಕಿತು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಹತ್ತೂ ಪದ ಗೀಚಿಕೊಂಡರು. ಇಪ್ಪತ್ತಮೂರು ಹುಡುಗರ ಚೀಟಿ ಹಿಡಿದ ಕೈ ಅರವತ್ತನಾಲ್ಕನೇ ವಯಸ್ಸಿನಲ್ಲಿ ತನ್ನ ಮೊದಲ ಚೀಟಿ ಬರೆಯಿತು. ಗುರುಮೂರ್ತಿ ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಮಾಸ್ತರರು ಪೇಪರು ಓದುತ್ತಾ ಕೂತಿದ್ದರು, ಅದೂ ತಲೆಕೆಳಗಾಗಿ.

ಅಂದಿನಿಂದ ಆ ಮನೆಯಲ್ಲಿ ಟ್ಯೂಷನ್ ಶುರುವಾಯಿತು. ನಿರ್ಮಲಮ್ಮ ರೊಟ್ಟಿ ತಟ್ಟುವಾಗ, ಹೂ ಕಟ್ಟುವಾಗ, ಮಾಸ್ತರರು ಪಕ್ಕದಲ್ಲಿ ಕೂತು ಮಗ್ಗಿ ಹೇಳಿಸುವ ರಾಗದಲ್ಲಿ ಹೇಳಿಸುತ್ತಿದ್ದರು: "ಕೊಡೆ, ಗೋಡೆ, ಹಗ್ಗ, ಮೀನು, ಬೀಗ! ಎಲೆ, ಕುದುರೆ, ಹಾಲು, ಗಾಳಿ, ಕಂಬ!"

"ಮೀನು ಯಾಕ್ರೀ ನಮ್ಮ ಬಾಯಾಗೆ?" ಎಂದು ನಿರ್ಮಲಮ್ಮ ಮೊದಮೊದಲು ನಗುತ್ತಿದ್ದರು. ಮೂರನೆಯ ದಿನಕ್ಕೆ ನಗು ನಿಂತಿತು. ತಪ್ಪಿದರೆ ಗಂಡ ಹುಬ್ಬು ಗಂಟಿಕ್ಕುತ್ತಿದ್ದರು. ಬಡ್ಡಿಮಗಂದು, ಈ ಮಗ್ಗಿಯ ರಾಗ ಎಂಥ ಮರೆವನ್ನೂ ದಾಟಿ ಒಳಗೆ ಇಳಿಯುತ್ತದೆ. ಹದಿನೈದು ದಿನಕ್ಕೆ ನಿರ್ಮಲಮ್ಮನವರಿಗೆ ಅದು ಬಾಯಿಪಾಠವಾಯಿತು. ಬೆಳಿಗ್ಗೆ ಏನು ತಿಂದೆ ಎಂದರೆ ಹೇಳಲು ಬರದಿದ್ದರೂ ಕೊಡೆ ಗೋಡೆ ಹಗ್ಗ ತಪ್ಪುತ್ತಿರಲಿಲ್ಲ.

ಆಗಸ್ಟಿನ ಒಂದು ಭಾನುವಾರ ಮಾಸ್ತರರ ಹಳೆಯ ಶಾಲೆಯಲ್ಲೇ ತಪಾಸಣೆ. ಮಂದಿ ಪರೀಕ್ಷೆಗೆಂದೇ ಬಂದಿದ್ದರು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಹರಿಹರೇಶ್ವರನಿಗೆ ಕೈಮುಗಿದು, ಜೇಬಿಗೆ ಎರಡೆರಡು ಪೆನ್ನು ಸಿಕ್ಕಿಸಿಕೊಂಡು ಬಂದಿದ್ದರು. ಮೈಲಾರಲಿಂಗಪ್ಪನವರ ಕೈಯಲ್ಲಿ ಮೊಮ್ಮಗನ ಪರೀಕ್ಷೆಯ ಪ್ಯಾಡೂ ಇತ್ತು. ಒಬ್ಬೊಬ್ಬರನ್ನೇ ಒಳಗೆ ಕರೆದು ಡಾಕ್ಟರ್ ಬಿಲ್ಕೀಸ್ ಮೃದುವಾಗಿ ಮಾತಾಡಿಸುತ್ತಿದ್ದರು. ನಿರ್ಮಲಮ್ಮನವರ ಸರದಿ ಬಂದಾಗ ಕೊಟ್ಟೂರಪ್ಪನವರು ಹೊರಗೆ ಬೆಂಚಿನ ಮೇಲೆ ಕೂರಲಾರದೆ ಕಿಟಕಿಯ ಹತ್ತಿರ ಹೋಗಿ ನಿಂತರು. ಡಾಕ್ಟರಿಗೆ ಕಾಣದಂತೆ, ಹೆಂಡತಿಗೆ ಕಾಣುವಂತೆ.

ನಿರ್ಮಲಮ್ಮ ಡಾಕ್ಟರ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಕಿಟಕಿ ಕಡೆ ಕಣ್ಣು ಹೋಯಿತು. ಬಾಯಿ ಮುಚ್ಚಿ, ಆಮೇಲೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಹತ್ತಕ್ಕೆ ಹತ್ತು, ಎರಡು ಸಲವೂ. ಮಾಸ್ತರರದೂ ಹತ್ತಕ್ಕೆ ಹತ್ತು. ಕಲಿಸಿದವರಿಗೆ ಬಾರದೇ ಇರುತ್ತದೆಯೇ?

ಇಮಾಂಬೀ ಮಾತ್ರ ಮೂರೇ ಪದ ಹೇಳಿದಳು. ಕೇಳಿದವರೆಲ್ಲ ಪಾಪ ಪಾಪ ಎಂದರು. ಕೊಟ್ಟೂರಪ್ಪನವರೂ ಅಂದರು. ಆ ಪಾಪದ ಒಳಗೆ ಸಣ್ಣದೊಂದು ಸಮಾಧಾನ ಇದ್ದದ್ದು ಅವರಿಗೇ ಗೊತ್ತಿತ್ತು.

ಆರು ತಿಂಗಳು ಕಳೆದವು. ನಿರ್ಮಲಮ್ಮ ಈಗ ಸಂತೆಯಿಂದ ಬರುವಾಗ ಬೀದಿ ತಪ್ಪುತ್ತಿದ್ದರು. ಪಕ್ಕದ ಮನೆಯವರು ಕರೆತಂದು ಬಿಡುತ್ತಿದ್ದರು. ಸದಾ ಚಳಿ ಎನ್ನುತ್ತಿದ್ದರು, ಮುಖ ಊದಿಕೊಂಡಿತ್ತು, ದನಿ ದಪ್ಪವಾಗಿತ್ತು. ರೂಪಶ್ರೀ ಮತ್ತೆ ಡಾಕ್ಟರ ಮಾತೆತ್ತಿದಳು. "ಡಾಕ್ಟರೇ ಪರೀಕ್ಷೆ ಮಾಡ್ಯಾರಲ್ಲ, ಫುಲ್ ಮಾರ್ಕ್ಸ್ ಬಂದೈತೆ," ಎಂದರು ಮಾವ. ಹಾಗೆ ಹೇಳಿ ಹೇಳಿ ಅದನ್ನು ತಾವೇ ಅರ್ಧ ನಂಬಿಬಿಟ್ಟಿದ್ದರು.

ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಎರಡನೆಯ ತಪಾಸಣೆ, ಈ ಸಲ ದಾವಣಗೆರೆಯಲ್ಲಿ, ಡಾಕ್ಟರ ಕೋಣೆಯಲ್ಲೇ. ಹೊರಗಿನ ಬೆಂಚಿನ ಮೇಲೆ ಇಮಾಂಬೀ ಕೂತಿದ್ದಳು. ಕಂಡವಳೇ, "ನಮಸ್ಕಾರ ಮಾಸ್ತರೇ, ಅಕ್ಕಾರು ಹೆಂಗದಾರೆ?" ಎಂದು ಚುರುಕಾಗಿ ಕೇಳಿದಳು. ಇವಳೇನಾ ಅವಳು ಎನ್ನುವಂತಿತ್ತು.

"ಫೇಲಾದೆ ಅಂತ ಅತ್ತಿದ್ದೆ ನಾನು. ಫೇಲಾದೋರಿಗೆ ರಕ್ತ ಟೆಸ್ಟು ಮಾಡಿಸಿದ್ರು ಡಾಕ್ಟರಮ್ಮ. ಗಂಟಲಾಗೆ ಥೈರಾಯಿಡ್ ಅಂತ ಐತಂತೆ, ಅದು ಕಮ್ಮಿಯಾದ್ರೂ ಮರೆವು ಬರ್ತೈತಂತೆ. ದಿನಾ ಒಂದು ಗುಳಿಗೆ ನುಂಗ್ತೀನಿ. ಈಗ ತಲೆ ತಿಳಿಯಾಗೈತೆ."

ಕೊಟ್ಟೂರಪ್ಪನವರು ಹೆಂಡತಿಯ ಕಡೆ ತಿರುಗಿದರು. ಪಕ್ಕದಲ್ಲಿ ನಿರ್ಮಲಮ್ಮ, ಫೆಬ್ರವರಿಯ ಬಿಸಿಲಿನಲ್ಲಿ, ಶಾಲು ಹೊದ್ದು ನಿಂತಿದ್ದರು.

ಈ ಸಲ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದು ಡಾಕ್ಟರು ಹೇಳಿದರು, "ಈ ಸಲ ಬೇರೆ ಪದಗಳು ಅಮ್ಮ. ನಾನು ಮೊದಲು ಓದ್ತೀನಿ, ಆಮೇಲೆ ನೀವು." ಗುರುಮೂರ್ತಿ ಬರೆದುಕೊಳ್ಳಲು ಕೂತಿದ್ದ. ಡಾಕ್ಟರು ಹಾಳೆ ತೆಗೆಯುವ ಮೊದಲೇ ನಿರ್ಮಲಮ್ಮ ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ರಾಗ ಎಳೆದು ಶುರು ಮಾಡಿದರು. "ಕೊಡೆ, ಗೋಡೆ, ಹಗ್ಗ, ಮೀನು, ಬೀಗ! ಎಲೆ, ಕುದುರೆ, ಹಾಲು, ಗಾಳಿ, ಕಂಬ!"

ಡಾಕ್ಟರ ಕೈ ಅಲ್ಲೇ ನಿಂತಿತು. ಎದ್ದು ಬೀರುವಿನಿಂದ ಹಳೆಯ ಹಾಳೆ ತೆಗೆದು ನೋಡಿದರು. ಪದಗಳು ಅಚ್ಚಿನಲ್ಲಿದ್ದ ಕ್ರಮದಲ್ಲೇ ಬಂದಿದ್ದವು. ಅವರಾದರೋ ಪ್ರತಿ ಸಲವೂ ಕ್ರಮ ಬದಲಿಸಿ ಓದುತ್ತಿದ್ದರು. ಆಗಸ್ಟಿನಲ್ಲಿ ಪದ ಎಣಿಸಿದ್ದರೇ ಹೊರತು ಕ್ರಮ ಗಮನಿಸಿರಲಿಲ್ಲ; ಹಾಳೆ ನೋಡದವರಿಗೆ ಈ ಕ್ರಮ ಬರುವಂತಿರಲಿಲ್ಲ.

"ಯಾರು ಕಲಿಸಿದ್ರು ಅಮ್ಮ?"

ನಿರ್ಮಲಮ್ಮ ಗಂಡನನ್ನು ನೋಡಿದರು. ಡಾಕ್ಟರು ಗುರುಮೂರ್ತಿಯನ್ನು ನೋಡಿದರು. "ಹಾಳೆ ಇದ್ದದ್ದು ನಿಮ್ಮ ಬ್ಯಾಗಿನಲ್ಲಿ. ಎಷ್ಟು ಜನಕ್ಕೆ ಕೊಟ್ಟಿದ್ದೀರಿ? ಹರಿಹರದ ಅರವತ್ತೆರಡು ಜನರದ್ದೂ ಈಗ ನಾನು ನಂಬೋ ಹಾಗಿಲ್ಲ."

ಗುರುಮೂರ್ತಿ ಮಾಸ್ತರರ ಕಡೆ ಒಮ್ಮೆ ನೋಡಿದ. ಅವನಿಗೆ ಎಲ್ಲ ತಿಳಿಯಿತು ಎಂಬುದು ಆ ನೋಟದಲ್ಲಿತ್ತು. ತಲೆ ತಗ್ಗಿಸಿ, "ಬ್ಯಾಗು ನೋಡ್ಕೋಬೇಕಿತ್ತು. ನಂದೇ ತಪ್ಪು ಮೇಡಂ," ಎಂದ.

"ಬ್ಯಾಗು ಇಟ್ಟು ಹೋಗಿ. ನಾಳೆ ಬಂದು ಕೆಲಸದಿಂದ ತೆಗೆದ ಪತ್ರ ತಗೊಳ್ಳಿ."

ಅವನು ಬ್ಯಾಗು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಹೊರಗೆ ಹೋದ. ಹರಿಹರದಲ್ಲಿ ಮೇಜು ಗುದ್ದಿದ ಮನುಷ್ಯ ಇಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಕಳ್ಳನ ಹಾಗೆ ಹೊರಗೆ ಬಂದು, ಆಟೋ ಹತ್ತಿ ಮನೆ ಸೇರಿದ.

ಮನೆಗೆ ಬಂದು ಕೂತರೋ ಇಲ್ಲವೋ, ನಿರ್ಮಲಮ್ಮ ಕೇಳಿದರು, "ರೀ, ಆ ಗುರುಮೂರ್ತಿ ಯಾಕ ಅಳ್ತಿದ್ದ?"

"ಕಣ್ಣಾಗೆ ಧೂಳು ಬಿದ್ದಿತ್ತು."

ಕಾಲು ಗಂಟೆ ಆಯಿತು. "ರೀ, ಆ ಗುರುಮೂರ್ತಿ ಯಾಕ ಅಳ್ತಿದ್ದ?"

"ಅವನ ಮನೆಯಾಗೆ ಯಾರಿಗೋ ಹುಷಾರಿಲ್ಲಂತೆ."

ಊಟಕ್ಕೆ ಕೂತಾಗ ಮತ್ತೆ ಅದೇ. ಎದ್ದು ಕೈತೊಳೆಯುವಾಗ ಮತ್ತೆ ಅದೇ. ಪ್ರತಿ ಸಲವೂ ಈಗಷ್ಟೇ ಮನಸ್ಸಿಗೆ ಬಂದಂತೆ, ಅದೇ ಕನಿಕರದಿಂದ. ಪ್ರತಿ ಸಲವೂ ಮಾಸ್ತರರು ಹೊಸದೊಂದು ಸುಳ್ಳು ಹುಡುಕಬೇಕಾಯಿತು. ಒಂದು ಸುಳ್ಳು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಒಂದೇ ಮಧ್ಯಾಹ್ನದಲ್ಲಿ ಐದು ಸಲ, ಅದೂ ನಂಬಿ ತಲೆಯಾಡಿಸುವ ಹೆಂಗಸಿನ ಮುಂದೆ ಹೇಳುವುದು ಎಂಥ ನರಕ ಎಂದು ಅವರಿಗೆ ಅವತ್ತು ತಿಳಿಯಿತು. ಬಾಗಿಲಲ್ಲಿ ನಿಂತ ರೂಪಶ್ರೀ ನೋಡುತ್ತಿದ್ದಳು. ಆ ಸೊಸೆಯ ಮುಖ ನೋಡಲೂ ಅವರಿಗೆ ಆಗಲಿಲ್ಲ.

ಆರನೆಯ ಸಲ ನಿರ್ಮಲಮ್ಮ ಕೇಳಿದಾಗ ಅವರ ಹತ್ತಿರ ಸುಳ್ಳು ಮುಗಿದಿತ್ತು.

"ನನ್ನಿಂದ," ಎಂದರು. "ನನ್ನಿಂದ ಅಳ್ತಿದ್ದ. ಏಳು, ಚಪ್ಪಲಿ ಹಾಕ್ಕೋ."

ನಾಲ್ಕು ಗಂಟೆಯ ಸುಮಾರಿಗೆ ಮತ್ತೆ ಡಾಕ್ಟರ ಬಾಗಿಲಿಗೆ ಹೋದರು. ಗುರುಮೂರ್ತಿ ಇನ್ನೂ ಮನೆಗೆ ಹೋಗಿರಲಿಲ್ಲ, ಕಾಂಪೌಂಡಿನ ಮರದ ಕೆಳಗೆ ಕೂತಿದ್ದ. "ಒಳಗೆ ಬಾ," ಎಂದರು ಮಾಸ್ತರರು. ಅವನು ಬಂದ. ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದರು, ಹಿತ್ತಲು, ಬ್ಯಾಗು, ಬಸ್ ಟಿಕೇಟು, ಮಗ್ಗಿ, ಕಿಟಕಿ. "ಇವನು ಯಾರಿಗೂ ಏನೂ ಕೊಟ್ಟಿಲ್ಲ ಮೇಡಂ. ಕದ್ದವನು ನಾನು. ಇನ್ನೊಬ್ಬರಿಗೆ ನಾನೂ ಕೊಟ್ಟಿಲ್ಲ. ನಮ್ಮಿಬ್ಬರ ಹೆಸರು ಹೊಡೆದು ಹಾಕ್ರಿ, ಮಿಕ್ಕ ಮಂದೀದು ಕೆಡಿಸಬ್ಯಾಡ್ರಿ."

ಡಾಕ್ಟರ್ ಬಿಲ್ಕೀಸ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನಿರ್ಮಲಮ್ಮನವರ ಮುಖ, ಕೈ ಮುಟ್ಟಿ ನೋಡಿದರು, ಶಾಲು ಸರಿಸಿ ಕೊರಳು ನೋಡಿದರು. "ನಾಳೆ ರಕ್ತ ಕೊಡಲಿ. ಇಮಾಂಬೀ ಥರ ಇದ್ದರೂ ಇರಬಹುದು, ಬೇರೆಯೂ ಇರಬಹುದು. ಆರು ತಿಂಗಳ ಹಿಂದೆ ಗೊತ್ತಾಗಿದ್ರೆ..." ಎಂದು ಅಷ್ಟಕ್ಕೇ ಬಿಟ್ಟರು. ಗುರುಮೂರ್ತಿಗೆ ಬ್ಯಾಗು ವಾಪಸ್ಸು ಕೊಟ್ಟು, ಬರೆದುಕೊಳ್ಳಲು ಕೂರಿಸಿದರು. ಮನೆಯವರು ಕೊಡಬೇಕಾದ ಹೇಳಿಕೆಯ ಫಾರಂ ಒಂದಿತ್ತು. ಆಗಸ್ಟಿನಲ್ಲಿ ಅದರ ತುಂಬ ಮಾಸ್ತರರು "ಇಲ್ಲ" ಎಂದು ದುಂಡಗೆ ಬರೆದುಕೊಟ್ಟಿದ್ದರು.

"ಒಂದೇ ಮಾತು ಪದೇ ಪದೇ ಕೇಳ್ತಾರಾ?" ಎಂದು ಡಾಕ್ಟರು ಶುರು ಮಾಡಿದರು.

"ಹೌದು."

"ದಾರಿ ತಪ್ತಾರಾ?"

"ಹೌದು."

"ಯಾವಾಗಿನಿಂದ ನಿಮಗೆ ಗೊತ್ತಾಗಿದ್ದು?"

ಕೊಟ್ಟೂರಪ್ಪನವರು ಹೆಂಡತಿಯ ಕಡೆ ನೋಡದೆ ಹೇಳಿದರು, "ಎರಡು ವರ್ಷ ಆತು."

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ನಿರ್ಮಲಮ್ಮ ತಿರುಗಿದರು. "ಎರಡು ವರ್ಷದಿಂದ ಗೊತ್ತಿತ್ತಾ ನಿಮಗೆ?" ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ನಿಮಗೆ ಗೊತ್ತಾಗಬಾರ್ದು ಅಂತ ನಾನು ಎಷ್ಟು ಒದ್ದಾಡಿದೆ. ಉಪ್ಪು ಹಾಕಿದ ಕೂಡ್ಲೆ ಬೆರಳಿಗೆ ದಾರ ಕಟ್ಕೊಂತಿದ್ದೆ. ಅವತ್ತು ಹರಿಹರದಾಗೆ ಈ ತಾಯಿಗೆ ಹೇಳ್ಬೇಕು ಅಂತ ಬಾಯಿತನಕ ಬಂದಿತ್ತು. ನನಗೆ ಏನೋ ಆಗ್ತೈತೆ, ಹೆದರಿಕೆ ಆಗ್ತೈತೆ ಅಂತ. ನೀವು ಕಿಟಕ್ಯಾಗೆ ನಿಂತಿದ್ರಿ. ರೋಗಕ್ಕಿಂತ ನೀವೇ ಹೆಚ್ಚು ಹೆದರಿಕೆ ಆದ್ರಿ."

ಗುರುಮೂರ್ತಿಯ ಪೆನ್ನು ಅಲ್ಲೇ ನಿಂತಿತ್ತು. ಅವನು ತಲೆ ಎತ್ತದೆ, ಮೆಲ್ಲಗೆ ಕೇಳಿದ, "ಸರ್, ಅಮ್ಮಾರು ಹೇಳಿದ್ದು... ಇದನ್ನೂ ಬರೀಲಾ?"

ಕೊಟ್ಟೂರಪ್ಪನವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಇಷ್ಟು ವರ್ಷ ಅವನನ್ನು ನೀನು ಎಂದೇ ಕರೆದ ಬಾಯಿ ಅದು.

"ಬರ್ಕೊಳ್ರಿ," ಎಂದರು. "ಕಿಟಕ್ಯಾಗೆ ನಿಂತವನ ಹೆಸರು ಸೇರಿಸಿ ಬರ್ಕೊಳ್ರಿ."